ನಮ್ಮ ಕೋಳಿಗೆ ದಿನ ನೋಡಿದ್ದು

ಹಿತಕಿದ ಅವರೆಬೇಳೆ ಎಂದರೆ ಎರಡು ಕೈಗೂ ಪುರುಸೊತ್ತಿಲ್ಲದ ಕೆಲಸ. ರಾತ್ರಿ ನೆನೆಹಾಕಿದ ಕಾಳನ್ನು ಬೆರಳ ತುದಿಯಲ್ಲಿ ಹಿಡಿದು ಒತ್ತಿದರೆ ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ. ಸ್ವಲ್ಪ ಜೋರಾಗಿ ಒತ್ತಿದರೆ ಬೇಳೆ ಹಾರಿ ಫ್ರಿಜ್ಜಿನ ಕೆಳಗೆ. ಆ ಬೆಳಗ್ಗೆ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಅದನ್ನೇ ಮಾಡುತ್ತಿದ್ದಾಗ ಫೋನು ಬಂತು. ಕೈಯೆಲ್ಲ ಲೋಳೆ. ಕಿರುಬೆರಳಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ. ವಿಶ್ವೇಶ್ವರಪುರದಲ್ಲಿ ಪ್ರಾಣಿ ಪಕ್ಷಿಗಳನ್ನು ನೋಡುವ ಲೇಡಿ ಡಾಕ್ಟರು.

"ಅಮ್ಮ, ನಿಮ್ಮ ಕೋಳಿ ಸ್ಕ್ಯಾನಿಂಗ್ ಇನ್ನೊಂದ್ಸಲ ಕೂತು ನೋಡ್ದೆ. ಮೊಟ್ಟೆ ಕಟ್ಟೋ ಜಾಗದಲ್ಲೇ ಗಡ್ಡೆ ಇದೆ. ನಿನ್ನೆ ಹೊಟ್ಟೆಯಿಂದ ನೀರು ತೆಗೆದ್ನಲ್ಲ, ಅದು ಮತ್ತೆ ತುಂಬ್ಕೊಳುತ್ತೆ. ವಾಸಿ ಆಗೋ ಅಂಥದ್ದಲ್ಲಮ್ಮ ಇದು."

"ಹಾಗಾದ್ರೆ ಏನ್ ಮಾಡೋದು ಡಾಕ್ಟ್ರೇ?"

"ಈಗ ಸ್ವಲ್ಪ ದಿನ ಆರಾಮಾಗಿರುತ್ತೆ. ಆಮೇಲೆ ಉಸಿರಿಗೆ ಕಷ್ಟ. ಅಷ್ಟರೊಳಗೆ ಕರ್ಕೊಂಡ್ ಬನ್ನಿ, ಇಂಜೆಕ್ಷನ್ ಕೊಟ್ಟು ಮಲಗಿಸ್ಬಿಡ್ತೀನಿ. ಯಾವತ್ತು ಅನ್ನೋದು ನೀವೇ ಹೇಳ್ಬೇಕು. ದಿನಾ ನೋಡೋರು ನೀವಲ್ವಾ? ತುಂಬಾ ಎಳೀಬೇಡಿ ಅಷ್ಟೆ."

ಯಾವತ್ತು ಎಂಬ ಮಾತನ್ನು ಅವರು ನನ್ನಂಥವಳ ಕೈಗೆ ಕೊಡಬಾರದಿತ್ತು. ನಾನು ಹೊಸ ಪೊರಕೆ ತರುವುದಕ್ಕೂ ಕ್ಯಾಲೆಂಡರ್ ನೋಡುವವಳು.

ಈ ಕೋಳಿ ನಮ್ಮ ಮನೆಗೆ ಬಂದದ್ದು ಸಾರಿಗೆಂದೇ. ಚಾಮರಾಜಪೇಟೆಯ ನಮ್ಮ ಮನೆ ಹಳೆಯದು. ಹಿತ್ತಿಲಲ್ಲಿ ಒಂದಿಷ್ಟು ಮಣ್ಣು, ಒಂದು ತೆಂಗಿನಮರ, ಒಂದು ತುಳಸಿಕಟ್ಟೆ, ಒಂದು ಬಟ್ಟೆ ಒಗೆಯುವ ಕಲ್ಲು ಉಳಿದಿವೆ. ಕೆಲವು ವರ್ಷದ ಹಿಂದೆ ಅತ್ತೆ ಊರಿಗೆ ಹೋಗಿ ಬರುವಾಗ, ಮಗನಿಗೆ ಭಾನುವಾರಕ್ಕಾಗಲಿ ಎಂದು ಒಂದು ಕರಿ ನಾಟಿಕೋಳಿಯನ್ನು ಕಾಲು ಕಟ್ಟಿ ವೈರ್ ಬ್ಯಾಗಿನಲ್ಲಿ ತಂದರು. ಬೆಳಗಾಗೆದ್ದು ನೋಡಿದರೆ ಒಗೆಯುವ ಕಲ್ಲಿನ ಕೆಳಗೆ ಒಂದು ಮೊಟ್ಟೆ.

"ಬಂದ ಮನೆಗೆ ಬರಿಗೈಲಿ ಬರ್ನಿಲ್ಲ ನೋಡು ಇದು," ಎಂದರು ಅತ್ತೆ. "ಇಂತಾದ್ನ ಕುಯ್ಯಕ್ಕಾಯ್ತದಾ?"

ಆ ಭಾನುವಾರ ನನ್ನ ಗಂಡನಿಗೆ ಬದನೆಕಾಯಿ ಸಾರು. ಅವರದು ಅಕ್ಕಿಪೇಟೆಯಲ್ಲಿ ಅಕ್ಕಿ ಮಂಡಿ. ಗೊಣಗಿಕೊಂಡೇ ಮಾರನೆಯ ದಿನದಿಂದ ಕೋಳಿಗೆ ನುಚ್ಚು ತರತೊಡಗಿದರು. ಮುಂದಿನ ಭಾನುವಾರಗಳಿಗೆ ಅಂಗಡಿಯಿಂದ ಬೇರೆ ಕೋಳಿ ಬರುತ್ತಿತ್ತು. ಅದನ್ನು ತೊಳೆಯುವಾಗ ನಾನು ಹಿತ್ತಿಲ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ.

ಪಕ್ಕದ ಮನೆಯವರು ರಿಟೈರಾದ ಟೀಚರು. ಈರುಳ್ಳಿಯನ್ನೂ ಮನೆಯೊಳಗೆ ತರದವರು. ಅವರೂ ಇದಕ್ಕೆ ಮರುಳಾದರು. ದಿನಾ ಬೆಳಗ್ಗೆ ಕಾಂಪೌಂಡಿನ ಆಚೆಯಿಂದ ಕೊತ್ತಂಬರಿ ದಂಟು ಹಾಕುತ್ತಾ "ಏನಮ್ಮಾ, ತಿಂಡಿ ಆಯ್ತಾ?" ಎಂದು ಕೇಳುತ್ತಿದ್ದರು. ನನ್ನನ್ನಲ್ಲ, ಕೋಳಿಯನ್ನು.

ಡಾಕ್ಟರ ಫೋನು ಬಂದ ಸಂಜೆ ಹಿತ್ತಿಲಲ್ಲಿ ಸಭೆ ಸೇರಿತು. ನಾನು, ಗಂಡ, ಅತ್ತೆ, ಗೋಡೆಯ ಆಚೆ ಟೀಚರು. ಆಗ ಧನುರ್ಮಾಸ. ಬೆಳಗಿನ ಜಾವ ಎದ್ದು ಹುಗ್ಗಿ ಮಾಡಿ ದೇವರಿಗೆ ನೈವೇದ್ಯ ಇಟ್ಟ ಕೈಯಲ್ಲಿ ಅದೇ ಹಗಲು ಒಂದು ಜೀವ ತೆಗೆಸಲು ಹೋಗುವುದು ಹೇಗೆ ಎಂದು ನನಗೆ ಸಂಕಟ.

"ಭಾನುವಾರ ಮಾಡ್ಸು, ಮಂಡಿ ರಜ, ನಾನೂ ಬರ್ತೀನಿ," ಎಂದರು ಗಂಡ. ಭಾನುವಾರ ಡಾಕ್ಟರಿಗೂ ರಜ. ಸೋಮವಾರ ಶಿವನ ವಾರ, ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಒಡೆಯುವುದಿಲ್ಲ. ಮಂಗಳವಾರ ಅತ್ತೆಯ ಊರಮ್ಮನ ವಾರ. "ಅವತ್ತು ಬ್ಯಾಡಕ್ಕೆ ಬ್ಯಾಡ. ನಂಗೆ ಕೊಡ್ದೆ ಇಂಜೆಕ್ಷನ್‌ಗೆ ಕೊಟ್ರಾ ಅಂತ ಕೇಳ್ತಾಳೆ ಅವಳು," ಎಂದರು ಅತ್ತೆ. ಬುಧವಾರ ವೈಕುಂಠ ಏಕಾದಶಿ ಎಂದು ಗೋಡೆಯ ಆಚೆಯಿಂದ ಬಂತು. ಗುರುವಾರ ರಾಯರದು, ಶನಿವಾರ ಆಂಜನೇಯನದು. ಶುಕ್ರವಾರದ ಮಾತನ್ನು ಯಾರೂ ಎತ್ತಲೇ ಇಲ್ಲ. ಹೆಪ್ಪಿಗೆ ಮೊಸರು ಕೇಳಿದರೂ ಕೊಡದ ದಿನ ಅದು.

"ಹಂಗಾದ್ರೆ ಎಂಟನೇ ವಾರ ಒಂದು ಮಾಡಿಸ್ಬೇಕು ಕಣೇ," ಎಂದರು ಗಂಡ. "ನಾಳೆ ಕಾರ್ಪೊರೇಷನ್‌ಗೆ ಅರ್ಜಿ ಹಾಕ್ತೀನಿ."

ಎಲ್ಲರೂ ನಕ್ಕೆವು. ಸಂಕ್ರಾಂತಿ ಕಳೆಯಲಿ ಎಂದು ಸಭೆ ಮುಗಿಯಿತು.

ಶನಿವಾರ ಆಂಜನೇಯನ ಗುಡಿಗೆ ಹೋಗಿ ಕೈಮುಗಿದೆ. "ನಿನ್ನ ಪಾದಕ್ಕೆ ನೀನೇ ಕರ್ಕೊಂಡ್ಬಿಡಪ್ಪ. ನಮ್ಮ ಕೈಲಿ ಮಾಡಿಸ್ಬೇಡ. ವಡೆಸರ ಹಾಕಿಸ್ತೀನಿ." ಮನಸ್ಸು ಹಗುರವಾಗಿ ಮನೆಗೆ ಬಂದರೆ ಹಿತ್ತಿಲಲ್ಲಿ ಟೀಚರ ಕೂಗು. "ರೀ, ಬನ್ರೀ! ನಿಮ್ಮ ಎಳ್ಳೆಲ್ಲಾ ಹೋಯ್ತು!" ಸಂಕ್ರಾಂತಿಗೆಂದು ಕೊಬ್ಬರಿ, ಕಡಲೆಬೀಜ ಹೆಚ್ಚಿ ಎಳ್ಳಿನ ಜೊತೆ ಮೊರದಲ್ಲಿ ಬಿಸಿಲಿಗಿಟ್ಟು ಹೋಗಿದ್ದೆ. ಹೊಟ್ಟೆಯ ನೀರು ಹೋಗಿ ಹಗುರವಾಗಿದ್ದ ನಮ್ಮ ಕೋಳಿ ಮೊರದ ನಡುವೆಯೇ ನಿಂತು, ಎಡಗಾಲಲ್ಲಿ ಕೆದಕಿ, ಕೊಬ್ಬರಿ ಬೇಡವೆಂದು ಪಕ್ಕಕ್ಕೆ ತಳ್ಳಿ, ಕಡಲೆಬೀಜವನ್ನೇ ಆರಿಸಿ ತಿನ್ನುತ್ತಿತ್ತು.

ಗಂಡ ಬಂದು ನೋಡಿ, ನನ್ನ ಹರಕೆಯ ಮಾತು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ವಡೆಸರ ಅಂದ್ಯಲ್ಲ, ಖುಷಿಯಾಗಿ ಆಯಸ್ಸು ಕೊಟ್ಟು ಕಳ್ಸಿದಾನೆ."

ಆ ಎಳ್ಳು ಹೋದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ. ಕೋಳಿ ಮನಸಾರೆ ತಿಂದ ಕೊನೆಯ ಊಟ ಅದು.

ಮುಂದಿನ ವಾರ ಶುರುವಾಗುವಷ್ಟರಲ್ಲಿ, ಸಂಕ್ರಾಂತಿಗೂ ಮೊದಲೇ, ಹೊಟ್ಟೆ ಮತ್ತೆ ಇಳಿಬಿತ್ತು. ಬಾತುಕೋಳಿಯ ಹಾಗೆ ನೆಟ್ಟಗೆ ನಿಂತು ಎರಡು ಹೆಜ್ಜೆ ಇಡುವುದು, ಕೂತುಬಿಡುವುದು. ಮಧ್ಯಾಹ್ನದ ಬಿಸಿಲಲ್ಲಿ ಮಣ್ಣು ಹೊಯ್ದುಕೊಂಡು ಹೊರಳಾಡುವುದು ಅದರ ಪರಮಸುಖ. ಅದೂ ನಿಂತಿತು. ಟೀಚರು ಹಾಕಿದ ದಂಟು ಬಿದ್ದಲ್ಲೇ ಬಾಡುತ್ತಿತ್ತು.

"ನಾನೇ ಮುಗಿಸ್ತೀನಿ ಬುಡು," ಎಂದು ಒಂದು ಮಧ್ಯಾಹ್ನ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. "ಎಷ್ಟ್ ಕೋಳಿ ಕುಯ್ದಿಲ್ಲ ಈ ಕೈ. ಒಂದೇಟ್ಗೆ ಆಯ್ತದೆ, ಡಾಕ್ಟ್ರು ಯಾಕೆ?" ಕೋಳಿಯನ್ನು ಎತ್ತಿಕೊಂಡು ಒಗೆಯುವ ಕಲ್ಲಿನ ಹತ್ತಿರ ಹೋದರು. ಕೇಳಿಸಬಾರದೆಂದು ನಾನು ಅಡುಗೆಮನೆಯಲ್ಲಿ ಮಿಕ್ಸಿಗೆ ಏನೋ ಹಾಕಿ ತಿರುಗಿಸಿದೆ. ಎಷ್ಟು ಹೊತ್ತಾದರೂ ಬರಲಿಲ್ಲ ಎಂದು ಇಣುಕಿದರೆ ಕೋಳಿ ಅವರ ತೊಡೆಯ ಮೇಲಿತ್ತು. ಅತ್ತೆ ಒದ್ದೆ ಬಟ್ಟೆಯಲ್ಲಿ ಅದರ ಬೆರಳ ಸಂದಿಯ ಮಣ್ಣು ಒರೆಸುತ್ತಿದ್ದರು.

"ಕಾಲು ಹೆಂಗ್ ಮಾಡ್ಕಂಡದೆ ನೋಡು, ಗಲೀಜು ಮುಂಡೇದು," ಎಂದು ನನ್ನನ್ನೇ ಗದರಿದರು.

ಶುಕ್ರವಾರ ಬೆಳಗ್ಗೆ ತಲೆಗೆ ಸ್ನಾನ ಮಾಡಿ, ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು, ತುಳಸಿಗೆ ನೀರು ಹಾಕಲು ಹಿತ್ತಿಲಿಗೆ ಬಂದೆ. ಕೋಳಿ ಕಲ್ಲಿಗೆ ಒರಗಿಕೊಂಡಿತ್ತು. ಕೊಕ್ಕು ತೆರೆದು, ಕತ್ತು ಮೇಲೆತ್ತಿ, ಮೈಯನ್ನೆಲ್ಲ ಹಿಂಡಿಕೊಂಡು ಒಂದೊಂದೇ ಉಸಿರು ಎಳೆಯುತ್ತಿತ್ತು. ಕೆಂಪಗಿದ್ದ ಜುಟ್ಟು ನೇರಳೆಗೆ ತಿರುಗಿತ್ತು. ಹಾಗಿದ್ದೂ ನನ್ನ ಕಾಲ ಸಪ್ಪಳಕ್ಕೆ ಒಂದು ಕಣ್ಣು ಹೊರಳಿಸಿ ನೋಡಿತು.

"ನಾಳೆ ಬೆಳಗ್ಗೆನೇ ಕರ್ಕೊಂಡ್ಹೋಗ್ಬಿಡ್ತೀನಿ," ಎಂದೆ. ಅತ್ತೆ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದರು.

"ನಾಳೆ ಯಾಕೆ?"

"ಇವತ್ತು ಶುಕ್ರವಾರ ಅಲ್ವಾ ಅತ್ತೆ. ನಾಳೆ ಆದ್ರೆ ಆಂಜನೇಯನಿಗೆ ತಪ್ಪು ಕಾಣಿಕೆ ಹಾಕ್ಬೋದು."

ಅತ್ತೆ ಲೋಟ ಕೆಳಗಿಟ್ಟರು. "ಹೋದ ವರ್ಷ ನಿಂಗೆ ಹಲ್ಲು ನೋವು ಬಂತಲ್ಲ, ವಾರ ನೋಡ್ಕಂಡು ಮಾತ್ರೆ ನುಂಗಿದ್ಯಾ?"

ಕೈಯಲ್ಲಿದ್ದ ನೀರಿನ ಚೊಂಬನ್ನು ತುಳಸಿಕಟ್ಟೆಯ ಮೇಲಿಟ್ಟೆ.

"ದಿನ ನೋಡಿದ್ದು ಸಾಕು ಕಣವ್ವ. ಆ ಮೂಕ್ ಜೀವಕ್ಕೆ ಶುಕ್ರವಾರ ಗೊತ್ತಾ? ಉಸ್ರು ಸಿಕ್ತಿಲ್ಲ ಅನ್ನೋದೊಂದೇ ಗೊತ್ತು. ಎದ್ದೇಳು. ಪೂಜೆ ಬಂದು ಮಾಡೀವಂತೆ, ಲಕ್ಷ್ಮಿ ಎಲ್ಲೂ ಓಡೋಗಕಿಲ್ಲ."

ಈ ಮಾತು ಬೇರೆ ಯಾರು ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ನಮ್ಮ ಮನೆಗೆ ಶುಕ್ರವಾರದ ಕಟ್ಟುಪಾಡೆಲ್ಲ ತಂದವರೇ ಅತ್ತೆ. ಅಲ್ಲಿಯವರೆಗೆ ನಾನು ಹುಡುಕುತ್ತಿದ್ದದ್ದು ನನಗೆ ಪಾಪ ತಟ್ಟದ ದಿನವನ್ನು. ಕೋಳಿಗೆ ಬೇಕಾಗಿದ್ದದ್ದು ಅದಲ್ಲ.

ಮೆತ್ತಗಿನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಎತ್ತಿಕೊಂಡೆ. ಗೇಟಿನಲ್ಲಿ ಟೀಚರು ಚಪ್ಪಲಿ ಮೆಟ್ಟಿ ನಿಂತಿದ್ದರು. "ನೀವೊಬ್ರೇ ಬೇಡ ಕಣ್ರೀ, ನಾನೂ ಬರ್ತೀನಿ." ಪೂಜೆಗೆ ಉಟ್ಟ ಮಡಿ ಸೀರೆಯನ್ನೂ ಅವರಿನ್ನೂ ಬದಲಿಸಿರಲಿಲ್ಲ.

ಆಟೋದವನು ಕನ್ನಡಿಯಲ್ಲಿ ನೋಡಿ ನಕ್ಕ. "ಏನಮ್ಮ, ಶುಕ್ರವಾರಾನೇ ಕೋಳಿ ಸಾರಾ?"

"ನಿಮ್ಮನೇಲಿ ಅಜ್ಜಿಗೆ ಹುಷಾರಿಲ್ಲ ಅಂದ್ರೆ ಸಾರು ಮಾಡ್ತೀಯೇನಪ್ಪಾ?" ಎಂದರು ಟೀಚರು, ಕ್ಲಾಸಿನ ದನಿಯಲ್ಲಿ. "ಆಸ್ಪತ್ರೆಗೆ ನಡಿ."

ಪಾಪ, ಅವನು ಆಮೇಲೆ ಒಂದೊಂದು ಹಳ್ಳಕ್ಕೂ ನಿಧಾನ ಮಾಡಿ "ಹಿಡ್ಕೊಳ್ಳಿ ಅಮ್ಮ, ಗುಂಡಿ ಇದೆ" ಎಂದು ಹೇಳಿ ಹೇಳಿ ಓಡಿಸಿದ. ಕೋಳಿಯನ್ನು ಎಂದೂ ಮುಟ್ಟದ ಟೀಚರು ದಾರಿಯುದ್ದಕ್ಕೂ ಅದರ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದರು.

ಡಾಕ್ಟರು ಅದನ್ನು ಮೇಜಿನ ಮೇಲೆ ಮಲಗಿಸಿ ಎನ್ನಲಿಲ್ಲ. ನನ್ನ ಮಡಿಲಲ್ಲೇ ಇರಲಿ ಎಂದರು. ಮೊದಲ ಇಂಜೆಕ್ಷನ್ ನಿದ್ದೆಗೆ. ಕೋಳಿಯ ರೆಪ್ಪೆ ಕೆಳಗಿನಿಂದ ಮೇಲಕ್ಕೆ ಮುಚ್ಚುತ್ತದೆ. ಅಷ್ಟು ವರ್ಷ ಸಾಕಿಯೂ ಅದನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಎಳೆದಾಟ ನಿಂತು ಉಸಿರು ಸಲೀಸಾಯಿತು. ಬಿಸಿಲಲ್ಲಿ ಮಲಗಿದಾಗ ಇರುತ್ತಿತ್ತಲ್ಲ, ಹಾಗೆ. ಟೀಚರು ಮೆಲ್ಲಗೆ ಗೋವಿಂದ ಗೋವಿಂದ ಎನ್ನುತ್ತಿದ್ದರು. ಎರಡನೆಯದು ಕೊಟ್ಟದ್ದು ನನಗೆ ತಿಳಿಯಲೇ ಇಲ್ಲ, ಮಡಿಲು ಸ್ವಲ್ಪ ಭಾರವಾಯಿತು ಅಷ್ಟೆ.

"ಸರಿಯಾದ ಹೊತ್ತಿಗೆ ಬಂದ್ವಾ ಡಾಕ್ಟ್ರೇ?" ಎಂದು ಕೇಳಿದೆ.

"ಮೊನ್ನೆ ಬಂದಿದ್ರೂ ಸರೀನೇ," ಎಂದರು ಅವರು, ಮುಚ್ಚುಮರೆ ಇಲ್ಲದೆ. "ನಾಳೆ ಆಗಿದ್ರೆ ತಡ ಆಗೋದು."

ಮನೆಗೆ ಬಂದರೆ ಗಂಡ ಗಿರಾಕಿಗಳನ್ನು ಬಿಟ್ಟು ಬಂದು, ಪ್ಯಾಂಟು ಮಡಚಿಕೊಂಡು ತೆಂಗಿನಮರದ ಬುಡದಲ್ಲಿ ಗುಂಡಿ ತೋಡುತ್ತಿದ್ದರು. ಮಣ್ಣು ಮುಚ್ಚಿ ಮುಗಿದ ಮೇಲೆ "ಮರಕ್ಕೆ ಒಳ್ಳೇದು" ಎಂದು ಹೇಳಿ, ಆಚೆ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಂಡರು. ಅತ್ತೆ ಮಾತ್ರ "ನಡೀರಿ, ಎಲ್ರೂ ನೀರು ಹಾಕ್ಕಳಿ" ಎಂದು ಬಚ್ಚಲಿಗೆ ಅಟ್ಟಿದರು.

ಮತ್ತೆ ಸ್ನಾನ ಮಾಡಿ ದೇವರ ದೀಪ ಹಚ್ಚುವಾಗ ಮಧ್ಯಾಹ್ನ ದಾಟಿತ್ತು. ನನ್ನ ಮದುವೆಯಾದಂದಿನಿಂದ ಅಷ್ಟು ತಡವಾಗಿ ಶುಕ್ರವಾರದ ದೀಪ ಉರಿದದ್ದಿಲ್ಲ. ಆದರೂ ಚೆನ್ನಾಗಿಯೇ ಉರಿಯಿತು. ಅದರ ಮುಂದೆ ಕೂತು, ದೇವರು ಅವತ್ತು ನಮಗೆ ಮಾಡಿದ ಉಪಕಾರಗಳನ್ನು ನೆನೆಸಿಕೊಂಡೆ. ಡಾಕ್ಟರು ಇದ್ದರು. ಟೀಚರು ಜೊತೆಗೆ ಬಂದರು. ಅತ್ತೆಯ ಬಾಯಲ್ಲಿ ಆ ಮಾತು ಬಂತು. ಕೋಳಿ ಹೆದರದೆ ನನ್ನ ಮಡಿಲಲ್ಲೇ ನಿದ್ದೆ ಹೋಯಿತು. ಇನ್ನೂ ಏನೋ ಇತ್ತು, ನೆನಪು ಮಾಡಿಕೊಳ್ಳುವಷ್ಟರಲ್ಲಿ ಗೋಡೆಯ ಆಚೆಯಿಂದ ಟೀಚರು ಕೂಗಿದರು.

"ರೀ, ಕಾವೇರಿ ನೀರು ಬಿಟ್ಟಿದಾರೆ ಕಣ್ರೀ!"

ಸಂಪಿನ ವಾಲ್ವ್ ತಿರುಗಿಸಲು ಎದ್ದು ಓಡಿದೆ.