ಅಕ್ಕನ ಗಾಡಿಯ ಎಡಗಡೆ ಸ್ಪೀಕರು

ನನ್ನ ಭಾವನಿಗೆ ಬೀದಿಯವರು ಇಟ್ಟ ಹೆಸರು ತಿರುಪಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಅವರಿಗಾದರೂ ನೆನಪಿದೆಯೋ ಇಲ್ಲವೋ ದೇವರೇ ಬಲ್ಲ. ಮೋಟಾರ್ ಸೈಕಲ್ಲಿಗೆ ಸ್ಪೀಕರ್ ಕೂರಿಸುವುದು, ಕೂರಿಸಿದ್ದು ಸಡಿಲವಾದರೆ ಸರಿ ಮಾಡುವುದು, ದಿನವಿಡೀ ತಿರುಪು ತಿರುಗಿಸುವುದು, ಇಷ್ಟೇ ಅವರ ಕಸುಬು. ಇದೂ ಒಂದು ಕಸುಬೇ ಎಂದು ಮೂಗು ಮುರಿಯಬೇಡಿ. ಹಾಡು ಕೇಳದೆ ಗಾಡಿ ಓಡಿಸಲಾರದ ಪುಣ್ಯಾತ್ಮರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ರಸ್ತೆಯ ಗುಂಡಿಗಳು ಅವರಿಗಿಂತ ಹೆಚ್ಚಿವೆ. ಗಾಡಿ ಕುಣಿದಷ್ಟೂ ಸ್ಪೀಕರ್ ಹಿಡಿದಿರುವ ಪ್ಲಾಸ್ಟಿಕ್ಕಿನ ಸ್ಕ್ರೂ ತೂತು ಸವೆಯುತ್ತದೆ, ಸವೆದಷ್ಟೂ ಭಾವನ ಹೊಟ್ಟೆಪಾಡು ನಡೆಯುತ್ತದೆ.

ಅಂಗಡಿಯ ಅರ್ಧ ಅವರದು, ಕಿಟಕಿ ಕಡೆಯ ಅರ್ಧ ನನ್ನ ಹೊಲಿಗೆ ಮೆಷಿನ್ನಿನದು. ಹಾಗಾಗಿ ಅವರು ಏನು ಮಾಡಿದರೂ ನನ್ನ ಕಣ್ಣಿಗೆ ಬೀಳುತ್ತದೆ, ನಾನು ಏನು ಗೊಣಗಿದರೂ ಅವರ ಕಿವಿಗೆ ಬೀಳುತ್ತದೆ. ಕೆಲಸದಲ್ಲಿ ಮನುಷ್ಯ ಅಚ್ಚುಕಟ್ಟು, ಒಪ್ಪಲೇಬೇಕು. ಥ್ರೆಡ್ ಹೋಗಿ ಸ್ಕ್ರೂ ಸುಮ್ಮನೆ ಗಿರಗಿರ ತಿರುಗುವ ತೂತನ್ನು ಹದವಾಗಿ ಕೊರೆದು, ಒಳಗೆ ಥ್ರೆಡ್ಡಿರುವ ಪುಟ್ಟ ಹಿತ್ತಾಳೆ ಕೊಳವೆ, ಅಂದರೆ ಬುಷ್ಷನ್ನು, ಅಂಟು ಹಾಕಿ ಕೂರಿಸಿ, ಬೆಳಗಿನವರೆಗೆ ಒಣಗಲು ಬಿಡುತ್ತಾರೆ. ಆಮೇಲೆ ಸ್ಕ್ರೂ. ಅದರ ತಲೆ ತಳಕ್ಕೆ ತಾಗಿತೋ, ಇನ್ನೂ ಬಿಗಿಯಲು ಹೋಗದೆ ಕೈ ತೆಗೆದುಬಿಡುತ್ತಾರೆ. ಹಾಗೆ ಹಾಕಿದ ಗಾಡಿ ಮತ್ತೆ ಅಂಗಡಿಯ ಮುಖ ನೋಡುವುದು ಅಪರೂಪ.

ಒಂದು ಗಾಡಿ ಮಾತ್ರ ಬಿಟ್ಟೇನೆಂದರೂ ಬಿಡದೆ ಬರುತ್ತಿತ್ತು. ಅದು ಸ್ವಂತ ಹೆಂಡತಿಯದು, ಅಂದರೆ ನನ್ನ ಅಕ್ಕನದು.

ಅಕ್ಕ ಗಾಡಿಯ ಹಿಂದೆ ಬಕೆಟ್ಟು, ಮಗ್ಗು, ಪೊರಕೆ ಹೇರಿಕೊಂಡು ಬೀದಿ ಬೀದಿ ಸುತ್ತಿ ಮಾರುತ್ತಾಳೆ. ಕೊರಳಿಗೆ ಮೈಕು, ಹೆಡ್‌ಲೈಟಿನ ಎರಡೂ ಪಕ್ಕ ಸ್ಪೀಕರು. ಅವಳ ಗಂಟಲಿಗೆ ಸ್ಪೀಕರ್ ದಂಡ ಎಂದು ನಾನು ಹೇಳಿದ್ದೇನೆ, ಬೈಸಿಕೊಂಡೂ ಇದ್ದೇನೆ. ಒಂದು ದಿನ ಎಡಗಡೆ ಸ್ಪೀಕರನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ನುಗ್ಗಿ, ನಾನು ಹೊಲಿಯುತ್ತಿದ್ದ ಬಟ್ಟೆಯ ಮೇಲೇ ಕುಕ್ಕಿದಳು.

“ರೀ, ಮತ್ತೆ ಬಿತ್ತು! ಗಿರಾಕಿಗಳೆಲ್ಲ ಹಲ್ಲು ಕಿಸಿದ್ರು. ಊರೋರ ಗಾಡಿಗೆಲ್ಲ ಚಿನ್ನದಂಥ ಕೆಲಸ, ನನ್ನ ಗಾಡಿಗೆ ಮಾತ್ರ ಏನ್ರೀ ಬಂತು ರೋಗ?”

“ನಾಳೆ ಸರಿ ಮಾಡ್ತೀನಿ.”

“ಇದೇ ಕೊನೆ. ಇನ್ನೊಂದು ಸಲ ಬಿದ್ರೆ ಗಾಡೀನ ಸುತ್ತಿಗೆ ಹತ್ರ ಬಿಡ್ತೀನಿ!”

ಸುತ್ತಿಗೆ ಎಂದರೆ ಎದುರು ಸಾಲಿನ ಮೆಕ್ಯಾನಿಕ್. ಎಂಥ ರಿಪೇರಿಯನ್ನೂ ಬಡಿದೇ ಶುರು ಮಾಡುವ ಮಹಾನುಭಾವ. ತಿರುಪಣ್ಣನ ಹೆಂಡತಿಯ ಗಾಡಿ ಸುತ್ತಿಗೆಯ ಬಾಗಿಲಲ್ಲಿ ನಿಂತರೆ ಮಾನ ಮೂರು ಕಾಸಿಗೆ ಹರಾಜು. ಹೆಂಡತಿಯೇ ನಂಬದ ಕೈಗೆ ಬೇರೆ ಯಾರು ಗಾಡಿ ಕೊಡುತ್ತಾರೆ? ಭಾವನ ಮುಖ ಇಂಗು ತಿಂದ ಮಂಗನಂತಾಯಿತು. ಪಾಪ ಅನಿಸಿತು.

ಆವತ್ತೇ ಬುಷ್ ಕೂರಿಸಿ ಒಣಗಲು ಇಟ್ಟರು. ಮಾರನೆಯ ದಿನ ಅಕ್ಕ ಗಾಡಿ ಬಿಟ್ಟು ಸರಕು ತರಲು ಹೋಗಿದ್ದಾಗ ಸ್ಕ್ರೂ ಹಾಕಲು ಕೂತರು. ನಾನು ಮೆಷಿನ್ ನಿಲ್ಲಿಸಿ ನೋಡಿದೆ. ತಲೆ ತಳಕ್ಕೆ ತಾಗಿತು. ಭಾವ ನಿಲ್ಲಿಸಲಿಲ್ಲ. ಇನ್ನೊಂದು ಸುತ್ತು. ಹಲ್ಲು ಕಚ್ಚಿ ಮತ್ತೊಂದು. ಕಟ್ ಎಂದಿತು, ಬುಷ್ಷು ಪ್ಲಾಸ್ಟಿಕ್ಕಿನ ಚೂರಿನ ಸಮೇತ ಕಿತ್ತು ಬಂತು.

“ಭಾವ! ತಲೆ ನೆಟ್ಟಗಿದೆಯಾ ನಿಮಗೆ? ಬೆಳಿಗ್ಗೆ ಇನ್ನೊಂದು ಗಾಡಿಗೆ ಹೂವು ಮುಟ್ಟಿದ ಹಾಗೆ ಹಾಕಿದ್ರಿ. ಇದಕ್ಕೆ ಯಾಕೆ ಈ ಕುಸ್ತಿ?”

ಭಾವ ಆ ಚೂರನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು.

“ಹಿಂದೊಂದ್ಸಲ ಸ್ಕ್ರೂ ಸಡಿಲ ಆಗಿ, ಸ್ಪೀಕರ್ ಚಕ್ರದೊಳಗೆ ಸಿಕ್ಕಿ ನಿಮ್ಮಕ್ಕ ಬಿದ್ಲಲ್ಲ, ಮಂಡಿ ಪೂರ್ತಿ ರಕ್ತ. ಆವತ್ತಿಂದ ಅವಳ ಗಾಡಿ ಮುಟ್ಟಿದ್ರೆ ಕೈ ಮಾತು ಕೇಳಲ್ಲ. ಇನ್ನೊಂಚೂರು ಬಿಗಿ ಇರ್ಲಿ, ಇನ್ನೊಂಚೂರು ಇರ್ಲಿ ಅನ್ಸುತ್ತೆ. ಬೇರೆಯವರು ಬಿದ್ರೆ ನನಗೇನು?”

ಇಷ್ಟು ದಿನ ಈ ಮನುಷ್ಯನನ್ನು ಆಡಿಕೊಂಡು ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಅವರು ಮುರಿದ ಜಾಗವನ್ನು ಅಂಟಿನಿಂದ ತುಂಬಿ, ಹೊಸ ಬುಷ್ ಕೂರಿಸಿ ಮತ್ತೆ ಒಣಗಲು ಇಟ್ಟರು. ನಾನು ಸಂಜೆ ಮನೆಗೆ ಹೋದವಳೇ ಅಕ್ಕನ ಮುಂದೆ ಎಲ್ಲ ಒದರಿಬಿಟ್ಟೆ. ಗುಟ್ಟು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಅಕ್ಕ ಕರಗುತ್ತಾಳೆ ಎಂದುಕೊಂಡಿದ್ದೆ. ಉರಿದುಬಿದ್ದಳು. “ಅಷ್ಟು ಪ್ರೀತಿ ಇದ್ರೆ ಬಾಯಲ್ಲಿ ಹೇಳಕ್ಕೇನು ಧಾಡಿ? ನನ್ನ ಗಾಡಿ ತೂತು ಯಾಕೆ ದೊಡ್ಡದು ಮಾಡ್ಬೇಕು?” ಎಂದು ಪಾತ್ರೆಗಳನ್ನೆಲ್ಲ ದಡಬಡ ಜೋಡಿಸಿದಳು. ಆಮೇಲೆ ಯಾಕೋ ಮಂಡಿಯ ಹಳೆಯ ಗಾಯದ ಗುರುತನ್ನು ಒಮ್ಮೆ ಸವರಿಕೊಂಡಳು.

ಬೆಳಿಗ್ಗೆ ಭಾವ ಅಂಗಡಿ ತೆರೆದು ಕೂರುವಷ್ಟರಲ್ಲಿ ಬಂದಳು. ಗಿರಾಕಿಗಳ ಬೆಂಚಿನ ಮೇಲೆ ಕೂತು, ಗಂಡನನ್ನು ಹಿಂದೆಂದೂ ಕಂಡೇ ಇಲ್ಲವೆಂಬಂತೆ ನೋಡಿದಳು.

“ಯಜಮಾನ್ರೇ, ಹೊರಗಿರೋ ಗಾಡಿ ನಂದು. ಎಡಗಡೆ ಸ್ಪೀಕರ್ ಕೂರಿಸ್ಬೇಕಿತ್ತು. ನಿಮ್ಮ ಕೈಗುಣ ಚೆನ್ನಾಗಿದೆ ಅಂತ ಯಾರೋ ಹೇಳಿದ್ರು.”

ಭಾವ ಕಕ್ಕಾಬಿಕ್ಕಿ. “ಏನಾಯ್ತೇ ನಿಂಗೆ?”

“ಗಿರಾಕೀನ ಹೀಗಾ ಮಾತಾಡ್ಸೋದು? ನಾನ್ಯಾರೋ, ನೀವ್ಯಾರೋ. ಊರೋರ ಗಾಡಿಗೆ ಹೆಂಗೆ ಹಾಕ್ತೀರೋ ಹಂಗೆ ಹಾಕಿ.”

ಭಾವ ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಿ ದಾರ ಪೋಣಿಸತೊಡಗಿದೆ, ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ.

“ಆಯ್ತಮ್ಮ, ಕೂತಿರಿ,” ಎಂದು ಸ್ಕ್ರೂಡ್ರೈವರ್ ತೆಗೆದುಕೊಂಡರು. ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ, ಥ್ರೆಡ್ ಕಚ್ಚಿಕೊಂಡ ಮೇಲೆ ಬೆರಳಲ್ಲೇ ಮುಂದಕ್ಕೆ ಬಿಟ್ಟರು. ತಲೆ ತಳಕ್ಕೆ ತಾಗಿತು. ಕೈ ಸ್ಕ್ರೂ ಬಿಡದೆ ಅಲ್ಲೇ ನಿಂತಿತು.

“ಈ ಸಲ ಸೆಕೆ ಜಾಸ್ತಿ ಅಲ್ವಾ ಯಜಮಾನ್ರೇ?” ಎಂದಳು ಅಕ್ಕ, ಬೀದಿಯ ಕಡೆ ನೋಡುತ್ತ.

“ಹೂಂ, ಜಾಸ್ತಿ,” ಎಂದು ಭಾವ ಕೈ ತೆಗೆದರು. ನನ್ನ ಬಾಯಲ್ಲಿದ್ದ ಗುಂಡುಸೂಜಿ ನುಂಗುವುದೊಂದು ಬಾಕಿ.

ಅಕ್ಕ ಎದ್ದು ಸ್ಪೀಕರನ್ನು ಹಿಡಿದು ಅಲ್ಲಾಡಿಸಿದಳು. ಜಪ್ಪಯ್ಯ ಅನ್ನಲಿಲ್ಲ. ಗಾಡಿ ಹತ್ತಿ, ಮೈಕು ಹಾಕಿ, “ಹಲೋ ಹಲೋ” ಎಂದು ಪರೀಕ್ಷೆ ಮಾಡಿದಳು. ಎರಡೂ ಕಡೆಯಿಂದ ಸ್ವಚ್ಛವಾಗಿ ಕೇಳಿಸಿತು. ಹೊರಡಬೇಕು, ಅಷ್ಟರಲ್ಲಿ ಭಾವ ಹೋಗಿ ಹ್ಯಾಂಡಲ್ ಹಿಡಿದುಕೊಂಡರು.

“ಇನ್ನೇನು ಯಜಮಾನ್ರೇ?”

ಭಾವ ಅವಳ ಕಡೆ ಬಗ್ಗಿದರು.

“ಸ್ಪೀಕರ್ ಬಿದ್ರೆ ಬೀಳ್ಲಿ. ನೀನು ಬೀಳ್ಬೇಡ.”

ಮೈಕು ಆರಿಸಿರಲಿಲ್ಲ. ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಎದುರು ಸಾಲಿನಲ್ಲಿ ಬಡಿಯುತ್ತಿದ್ದ ಸುತ್ತಿಗೆಯೂ ಬಡಿಯುವುದನ್ನು ನಿಲ್ಲಿಸಿದ. ಅಕ್ಕ ಏನೋ ಹೇಳಲು ಬಾಯಿ ತೆರೆದಳು, ಅವಳ ಜನ್ಮದಲ್ಲಿ ಮೊದಲ ಸಲ ಸ್ವರ ಹೊರಡಲಿಲ್ಲ.