ಬೋರಕ್ಕ ಕೊಟ್ಟ ಒಳ್ಳೇ ಜಾಗ

ಬೋರಕ್ಕ ನಕ್ಕರೆ ಬೆಳ್ಳನೆಯ ಮುಖದಲ್ಲಿ ಎಲೆಅಡಿಕೆಯ ಕೆಂಪು ಬಾಯಿ ಮಾತ್ರ ಕಾಣುತ್ತಿತ್ತು. ಹುಬ್ಬು, ರೆಪ್ಪೆ, ಮೂಗುತಿ ಎಲ್ಲ ಕಲ್ಲಿನ ಪುಡಿಯಲ್ಲಿ ಮುಚ್ಚಿಹೋಗಿರುತ್ತಿದ್ದವು. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ದಾರಿಯಲ್ಲಿ ಬೆಣಚುಕಲ್ಲು ಬೀಸಿ ರಂಗೋಲಿ ಪುಡಿ ಮಾಡುವ ಮಿಲ್ಲೊಂದಿತ್ತು. ತೊಂಬತ್ತರ ದಶಕದಲ್ಲಿ ನಾನೂ ಅವಳೂ ಅಲ್ಲಿ ಪುಡಿ ಜರಡಿ ಹಿಡಿದು ಚೀಲ ತುಂಬುತ್ತಿದ್ದೆವು.

ಪುಡಿ ಬಿಸಿಬಿಸಿಯಾಗಿ ಬಂದು ಬೀಳುವ ಮಿಲ್ಲಿನ ಬಾಯಿಯೇ ಒಳ್ಳೇ ಜಾಗ ಎಂದು ನಾವೆಲ್ಲ ನಂಬಿದ್ದೆವು. ಅಲ್ಲಿ ಕೂರುತ್ತಿದ್ದವಳು ಬೋರಕ್ಕ. ಹಳೇ ಪುಡಿ ರಾಶಿ ಬಿದ್ದಿದ್ದ ಹಿಂದಿನ ಚಪ್ಪರ ಯಾರಿಗೂ ಬೇಡ. ರಾಗಿ ಬೀಸಿದ ಕೈಗಳು ನಮ್ಮವು. ಆಗತಾನೆ ಬೀಸಿದ ಹಿಟ್ಟು ಒಳ್ಳೆಯದು, ಇಟ್ಟ ಹಿಟ್ಟಿಗೆ ಹುಳ ಬೀಳುತ್ತದೆ ಎಂಬುದನ್ನೇ ಕಲ್ಲಿಗೂ ಹಚ್ಚಿಬಿಟ್ಟಿದ್ದೆವು.

“ಹಳೇ ರಾಶ್ಯಾಗೆ ರೋಡಿನ ಧೂಳೆಲ್ಲ ಸೇರೈತೆ ಕಣೆ ತಿಪ್ಪಿ. ಇದು ಈಗ ಹುಟ್ಟಿದ ಕೂಸು. ಯಾರಿಗೇನು ಮಾಡ್ತೈತೆ?” ಎಂದು ನನಗೆ ಹೇಳುತ್ತಿದ್ದಳು ಬೋರಕ್ಕ.

ಒಮ್ಮೆ ಆಸೆಪಟ್ಟು ಕೇಳಿದೆ: “ಒಂದಿನ ನಾನೂ ಅಲ್ಲಿ ಕೂರ್ತೀನಿ ಬೋರಕ್ಕ.”

“ನಿನ್ನ ಮಾರಿಗೆ ಅದೊಂದು ಕೇಡು! ಬೆಳ್ಳಗಾಗಿ ಮನೆಗೋದ್ರೆ ಗಂಡ ಗುರುತು ಹಿಡಿಯಲ್ಲ, ಹೋಗೇ!”

ಎಲ್ಲರೂ ನಕ್ಕರು. ನಾನು ಮುಖ ಊದಿಸಿಕೊಂಡು ಚಪ್ಪರಕ್ಕೆ ಹೋದೆ. ಮಧ್ಯಾಹ್ನ ಅವಳೇ ಬಂದು ನನ್ನ ರೊಟ್ಟಿಯ ಮೇಲೆ ತನ್ನ ಶೇಂಗಾ ಚಟ್ನಿಯೆಲ್ಲ ಸುರಿದಳು. ಚಟ್ನಿ ಕೊಡುತ್ತಿದ್ದಳು, ಜಾಗ ಮಾತ್ರ ಬಿಡುತ್ತಿರಲಿಲ್ಲ.

ಬಿಟ್ಟಿದ್ದು ಒಬ್ಬಳಿಗೇ, ಮಗಳು ಗೌರಿಗೆ. ಆ ಹುಡುಗಿ ಶಾಲೆ ಬಿಟ್ಟು ಮಿಲ್ಲಿಗೆ ಬಂದ ದಿನ ಬೋರಕ್ಕ ಯಾರೂ ಹೇಳದೆ ಎದ್ದಳು. ಸೆರಗಿನಿಂದ ನೆಲ ಒರೆಸಿ, “ಕೂತ್ಕೋ ಮಗಾ. ನಿಮ್ಮವ್ವನತ್ರ ಇರೋದು ಇದೊಂದೇ” ಎಂದಳು. ಮದುವೆಯಾಗಿ ರಾಂಪುರಕ್ಕೆ ಹೋಗುವವರೆಗೂ ಗೌರಿ ಅಲ್ಲೇ ಕೂತಳು. ಆಮೇಲೆ ಮತ್ತೆ ಬೋರಕ್ಕ.

ಮಿಲ್ಲು ಮುಚ್ಚಿತು. ಬೋರಕ್ಕನಿಗೆ ಉಸಿರು ಸಾಲದಾಯಿತು. ಮಗಳ ಮನೆ ಸೇರಿದಳು. ಅದಾಗಿ ಕೆಲವು ವರ್ಷಕ್ಕೆ ನನ್ನ ಮೊಮ್ಮಗಳು ಸುಮಾ ರಸಾಯನಶಾಸ್ತ್ರದ ದೊಡ್ಡ ಪರೀಕ್ಷೆ ಪಾಸು ಮಾಡಿ ಸಂಶೋಧನೆಗೆ ಸೇರಿದಳು. ಮೂರನೇ ಕ್ಲಾಸಿಗೆ ಓದು ಬಿಟ್ಟ ನನ್ನ ವಂಶದ ಕುಡಿ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀದಿಗೆಲ್ಲ ಪೇಡೆ ಹಂಚಿದೆ. ಬೋರಕ್ಕನಿಗೆ ಹೇಳದಿದ್ದರೆ ಹೇಗೆ ಎಂದು ಸುಮಾಳನ್ನೂ ಕರೆದುಕೊಂಡು ರಾಂಪುರದ ಬಸ್ಸು ಹತ್ತಿದೆ.

“ಏನವ್ವಾ ನೀನು ಓದೋದು?” ಎಂದು ಬಸ್ಸಿನಲ್ಲಿ ಕೇಳಿದೆ.

“ನಿಮ್ಮ ಬೆಣಚುಕಲ್ಲಿನ ಪುಡೀನೇ ಅಜ್ಜಿ, ಕಣ್ಣಿಗೆ ಕಾಣದಷ್ಟು ಸಣ್ಣದು. ಕಲ್ಲು ಒಂದೇ ಆದ್ರೂ ಕಣದ ಮೈಮೇಲೆ ಏನೈತೆ ಅನ್ನೋದ್ರ ಮೇಲೆ ಅದರ ವಿಷ. ಆಗತಾನೆ ಒಡೆದ ಕಣದ ಮೈ ಹಸಿಹಸಿ. ಎದೆಯೊಳಗೆ ಹೋದ್ರೆ ಸುಡ್ತೈತೆ. ಗಾಳಿ, ತೇವ ತಾಗಿ ಹಳೇದಾದ್ರೆ ಸ್ವಲ್ಪ ತಣ್ಣಗಾಗ್ತೈತೆ. ಮೇಲೊಂದು ಲೇಪ ಕೊಟ್ರೆ ಇನ್ನೂ ಎಷ್ಟು ತಣ್ಣಗಾಗ್ತೈತೆ ಅಂತ ನಾವು ನೋಡ್ತೀವಿ.”

“ಹಂಗಾದ್ರೆ ಹೊಸಾದೇ ಕೆಟ್ಟದ್ದಾ?”

“ಹಳೇದೂ ಒಳ್ಳೇದಲ್ಲ. ಹೊಸಾದು ಇನ್ನೂ ಕೆಟ್ಟದ್ದು.”

ಬೋರಕ್ಕ ಮಿಲ್ಲಿನ ಬಾಯಿಯ ಜಾಗವನ್ನು ಗೌರಿಗೆ ಬಿಟ್ಟುಕೊಟ್ಟ ಕಥೆಯನ್ನು ಆಮೇಲೆ ದಾರಿಯಲ್ಲಿ ಅವಳಿಗೆ ಹೇಳಿದೆ.

ಬೋರಕ್ಕ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲವಂತೆ. ಸುಮಾಳ ಓದಿನ ವಿಷಯ ಕೇಳಿ ನಕ್ಕಳು. “ಕಲ್ಲುಪುಡಿ ಓದಾಕೆ... ಕಾಲೇಜ್ ಯಾಕೆ ಬೇಕಿತ್ತೇ? ನಾನೇ ಹೇಳಿಕೊಡ್ತಿದ್ದೆ.” ಕೆಮ್ಮಿ, ಸುಧಾರಿಸಿಕೊಂಡು ನನ್ನ ಕೈ ಹಿಡಿದಳು. “ಆಸ್ತಿ ಕೊಡಲಿಲ್ಲ, ಬಂಗಾರ ಕೊಡಲಿಲ್ಲ. ಗೌರಿಗೆ ಒಳ್ಳೇ ಜಾಗ ಕೊಟ್ಟೆ... ಅಲ್ಲೇನೆ ತಿಪ್ಪಿ?”

“ಹೂನಕ್ಕಾ” ಎಂದೆ. ಸುಮಾ ತಲೆ ತಗ್ಗಿಸಿದಳು.

ಹೊರಡುವಾಗ ಸುಮಾಳಿಗೆ ತಡೆಯಲಾಗಲಿಲ್ಲ. ಹೊಸಿಲ ಹೊರಗೆ ನಿಂತು ಗೌರಿಗೆ ಮೆಲ್ಲಗೆ ಹೇಳಿದಳು: “ಅತ್ತೆ, ಬಳ್ಳಾರಿಗೆ ಹೋಗಿ ಒಂದ್ಸಲ ಎದೆ ಎಕ್ಸ್‌ರೇ ತೆಗೆಸ್ರಿ.”

ಗೌರಿ ನಕ್ಕಳು. “ನಂಗ್ಯಾಕೆ ಸುಮಾ? ನಾನು ಕೂತಿದ್ದು ಒಳ್ಳೇ ಜಾಗದಾಗೆ. ನಮ್ಮವ್ವ ಬಿಟ್ಟುಕೊಟ್ಟಿದ್ದು.”

“ಅಲ್ಲಿ ಕೂತಿದ್ದಕ್ಕೇ ಹೇಳ್ತಿರೋದು ಅತ್ತೆ.”

ಒಳಗೆ ಬಿಡದೆ ಬರುತ್ತಿದ್ದ ಕೆಮ್ಮು ನಿಂತಿತು. ಬೋರಕ್ಕ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಆದರೂ ನಾನು ಒಳಗೆ ಹೋಗಲಿಲ್ಲ.

“ಗೌರೀ...” ಎಂದು ಕರೆದಳು.

ಬೋರಕ್ಕನ ದನಿ ನಾನು ಕೇಳಿದ್ದು ಅದೇ ಕೊನೆ.