ಮಾವ ನೋಡಿದ ಏರುಗೆರೆ

ನಾಳೆಯಿಂದ ಶಿರಗುಪ್ಪಿಯ ಕಾಲೇಜು ಹುಡುಗಿಯರಿಗೆ ಗಣಿತದ ಟ್ಯೂಷನ್ ಶುರು ಮಾಡುತ್ತಿದ್ದೇನೆ, ಗೆಳೆಯರೇ. ಇವತ್ತು ಬೆಳಿಗ್ಗೆ ಪಡಸಾಲೆಯ ಬೋರ್ಡಿನ ಮೇಲೆ ಎಡದಿಂದ ಬಲಕ್ಕೆ ಏರುವ ಗೆರೆ ಎಳೆದು, ಇಳಿಜಾರಿನ ಪಾಠವನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ. ಕಬ್ಬಿಗೆ ನೀರು ಹಾಯಿಸಿ ಬಂದ ಮಾವ ನಿಂತು ನೋಡಿದರು.

"ಬಾವಿ ಯಾವ ಕಡೆ ಐತಿ?"

"ಬಾವಿ ಇಲ್ರಿ ಮಾಮಾ, ಇದು ಗಣಿತ. ಇಲ್ಲಿಂದ ಶುರು," ಎಂದು ಎಡತುದಿ ತೋರಿಸಿದೆ.

"ನೀರಿನ ಸಾಲು ಹಿಂಗ ಏರಿದ್ರ ನೀರು ಹೊಳ್ಳಿ ಬಾವಿಗೇ ಬರತೈತಿ ಯವ್ವಾ. ಹತ್ತ ಹೆಜ್ಜಿಗೆ ನಾಕ ಬೆರಳ ಇಳೀಬೇಕು."

ಅರ್ಧ ಗಂಟೆಯಿಂದ ನಾನು ಹೇಳಲು ಒದ್ದಾಡುತ್ತಿದ್ದದ್ದೂ ಅದನ್ನೇ: ಎಷ್ಟು ಮುಂದೆ ಹೋದರೆ ಎಷ್ಟು ಏರು, ಇಲ್ಲವೇ ಎಷ್ಟು ಇಳಿತ. ಒರೆಸಿ, ಗೆರೆಯನ್ನು ಕೆಳಕ್ಕೆ ಇಳಿಸಿದೆ.

"ಈಗ ನೀರು ಕಬ್ಬಿಗೆ ಹೊಕ್ಕೈತಿ. ಚಾ ಇಡು," ಎಂದರು.

ನನ್ನ ಮೊದಲ ವಿದ್ಯಾರ್ಥಿ ನನ್ನನ್ನು ಪಾಸು ಮಾಡಿದ್ದಾರೆ.